ಬರೀ ಅರಿಶಿಣ

ಜೀವಿತಾಳ ಮುಖಕ್ಕೆ ಕಳೆ ಬಂದಿದೆ ಎಂಬ ಸುದ್ದಿ ಮೊದಲು ಹುಟ್ಟಿದ್ದು ಹಾಲಿನ ಡೇರಿಯ ಸಾಲಿನಲ್ಲಿ.

“ಏನ್ ಗಂಗಲಕ್ಷ್ಮೀ, ಮಗ್ಳು ಮೈ ತುಂಬ್ಕೊಂಡವ್ಳೆ, ಬಣ್ಣಾನೂ ತಿರುಗೈತೆ. ಅದೇನ್ ಹಾಕ್ತಿದ್ದೀಯೇ ತಿನ್ನಾಕೆ?” ಎಂದು ಒಬ್ಬಳು ಕೇಳಿದ್ದೇ ತಡ, ಉಳಿದವರೂ ಕ್ಯಾನು ಕೆಳಗಿಟ್ಟು ದನಿಗೂಡಿಸಿದರು. ಹದಿನೆಂಟು ವರ್ಷ ಆ ಹುಡುಗಿಯನ್ನು ‘ಇದ್ದಿಲು’ ಎಂದು ಕರೆದ ಬಾಯಿಗಳೇ ಅವು. ಗಂಗಲಕ್ಷ್ಮಿಗೆ ಆ ಬೆಳಿಗ್ಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮನೆಗೆ ಬಂದವಳೇ ಮಗಳ ಕೆನ್ನೆ ಸವರಿ, ಲಟಲಟ ನೆಟಿಗೆ ಮುರಿದು, ಒಲೆಗೆ ಹಿಡಿ ಉಪ್ಪು ಹಾಕಿದಳು.

ಆ ಮನೆ ಕಿಬ್ಬನಹಳ್ಳಿ ಕ್ರಾಸಿನಿಂದ ಎರಡು ಮೈಲಿ ಒಳಗಿನ ಊರಿನದು. ಹಿತ್ತಿಲಲ್ಲಿ ಹನ್ನೆರಡು ತೆಂಗಿನ ಮರ, ಮುಂದೆ ಶೀಟಿನ ಜಗಲಿ. ಅಪ್ಪ ಭೀಮರಾಜು ತಿಪಟೂರಿನ ಮಂಡಿಯಲ್ಲಿ ಕೊಬ್ಬರಿ ಆರಿಸುವ ಕೆಲಸ ಮಾಡುತ್ತಿದ್ದ. ಉಂಡೆ ಕೊಬ್ಬರಿಯನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿದರೆ ಸಾಕು, ಒಡೆಯದೆಯೇ ಒಳಗಿನ ಸಂಗತಿ ಹೇಳಬಲ್ಲವನೆಂದು ಹೆಸರಾಗಿದ್ದ. ಗಂಗಲಕ್ಷ್ಮಿ ಊರಿನ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಿದ್ದಳು. ಅಜ್ಜಿ ರಾಮಕ್ಕನಿಗೆ ಕಣ್ಣು ಮಂಜು, ಬಾಯಿ ಮಾತ್ರ ಚುರುಕು. ಅಣ್ಣ ಜ್ಞಾನೇಶ್ ಕಾಯಿ ಲಾರಿ ಓಡಿಸಿಕೊಂಡು ತಿಂಗಳಲ್ಲಿ ಇಪ್ಪತ್ತು ದಿನ ಊರಲ್ಲಿರುತ್ತಿರಲಿಲ್ಲ. ಅವನ ಹೆಂಡತಿ ಲಿಖಿತಾ ಕ್ರಾಸಿನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಬ್ಯೂಟಿ ಪಾರ್ಲರ್ ಇಟ್ಟಿದ್ದಳು. ಮನೆಗೆ ಮಿಕ್ಸಿ ಬಂದದ್ದು, ಬಚ್ಚಲಿಗೆ ಬಾಗಿಲು ಬಂದದ್ದು ಆ ಪಾರ್ಲರಿನಿಂದ. ಜೀವಿತಾ ತಿಪಟೂರಿನ ಕಾಲೇಜಿನಲ್ಲಿ ಮೊದಲ ವರ್ಷದ ಬಿ.ಕಾಂ.

ಕಳೆ ಬಂದದ್ದಕ್ಕೂ ಪಾರ್ಲರಿಗೂ ಸಂಬಂಧವಿತ್ತು. ಐದು ತಿಂಗಳ ಹಿಂದೆ ಲಿಖಿತಾ ಒಂದು ಪುಟ್ಟ ಡಬ್ಬಿ ತಂದಾಗ ರಾಮಕ್ಕ ರಂಪ ಮಾಡಿದ್ದಳು.

“ಆ ಹಾಳ್ ಕ್ರೀಮು ಗೀಮು ಈ ಮನೆ ಹೊಸ್ಲು ದಾಟ್ಬಾರ್ದು ಕಣೇ! ಅವರ್ಯಾರದ್ದೋ ಹುಡ್ಗಿ ಮುಖ ಸುಲುದು ಹೋಗ್ಲಿಲ್ವಾ?”

ಲಿಖಿತಾ ತಬ್ಬಿಬ್ಬಾಗದೆ ಡಬ್ಬಿ ತೆರೆದು ಅಜ್ಜಿಯ ಮೂಗಿನ ಕೆಳಗೆ ಹಿಡಿದಿದ್ದಳು. ಒಳಗಿದ್ದದ್ದು ಹಳದಿ ಬಣ್ಣದ ಮುಲಾಮು. “ಕ್ರೀಮಲ್ಲ ಅಜ್ಜಿ, ಅರಿಶಿಣ. ಕಸ್ತೂರಿ ಅರಿಶಿಣ ಅರ್ದು ಗಟ್ಟಿ ಮಾಡಿರೋದು.”

“ಅಂಗನ್ನು ಮತ್ತೆ. ಅರಿಶಿಣ ಅಂದ್ರೆ ಯಾರ್ ಬ್ಯಾಡ ಅಂದಾರು?”

ಅಲ್ಲಿಂದ ಆ ಮನೆಯಲ್ಲಿ ಅದರ ಹೆಸರು ಅರಿಶಿಣ. ದಿನಾ ದೀಪ ಹಚ್ಚುವ ಹೊತ್ತಿಗೆ ಗಂಗಲಕ್ಷ್ಮಿ ತನ್ನ ಕೈಯಿಂದಲೇ ಮಗಳ ಮುಖ ಕತ್ತಿಗೆ ಅರಿಶಿಣ ಹಚ್ಚುತ್ತಿದ್ದಳು. ಡಬ್ಬಿಯ ಮುಚ್ಚಳದ ಮೇಲೆ ಯಾವ ದೇಶದ್ದೋ ಲಿಪಿ ಇರುವುದನ್ನು ಜೀವಿತಾ ನೋಡಿದ್ದಳು, ಅದು ಅರಿಶಿಣವಲ್ಲವೆಂದು ಅವಳಿಗೆ ಮೊದಲ ದಿನವೇ ಗೊತ್ತಿತ್ತು. ಆದರೂ ಬಾಯಿ ಬಿಡಲಿಲ್ಲ. ಮೂರೇ ವಾರದಲ್ಲಿ ಕನ್ನಡಿಯೊಳಗಿನ ಮುಖ ತಿಳಿಯಾಗುತ್ತ ಬಂದಿತ್ತು, ಅದು ಅವಳಿಗೆ ಇಷ್ಟವಾಗಿತ್ತು. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಇದ್ದರೂ ನಿಂತೇ ಬರುತ್ತಿದ್ದ ಸಹಪಾಠಿಗಳು ಈಗ ಬಂದು ಕೂರುತ್ತಿದ್ದರು. ಇದನ್ನು ಯಾವ ಹುಡುಗಿ ಬೇಡ ಅನ್ನುತ್ತಾಳೆ?

ಆಮೇಲೆ ಚಪ್ಪಲಿ ಬಿಗಿಯಾಯಿತು. ಬೆಳಿಗ್ಗೆ ಎದ್ದರೆ ರೆಪ್ಪೆ ತೆರೆಯುವುದೇ ಕಷ್ಟ. ಬಚ್ಚಲಿಗೆ ಹೋದರೆ ನೊರೆ, ಸೋಪಿನ ನೀರು ಚೆಲ್ಲಿದ ಹಾಗೆ.

“ಅಮ್ಮ, ಕಾಲು ಊದ್ತಾವೆ.”

“ಬಸ್ಸಲ್ಲಿ ನಿಂತ್ಕೊಂಡೋದ್ರೆ ಊದಲ್ವಾ?”

“ಉಷ್ಣ ಕಣೇ ಅದು,” ಎಂದು ರಾಮಕ್ಕ ಒಳಗಿಂದ ತೀರ್ಪು ಕೊಟ್ಟಳು. “ಎಳ್ನೀರು ಕುಡೀಲಿ. ಮನೆ ಹಿಂದೆ ಮರ ಇಟ್ಕೊಂಡು ಉಷ್ಣ ಅಂತ ಕೂತ್ಕೊಂಡ್ರೆ ನಗ್ತಾರೆ.”

ದಿನಕ್ಕೆ ಮೂರು ಎಳನೀರು ಶುರುವಾಯಿತು. ಕುಡಿದಷ್ಟೂ ಊತ ಏರಿತು. ಊತ ಏರಿದಷ್ಟೂ ಊರು ಹೊಗಳಿತು. ಕಾಯಿಲೆಗೆ ಇಷ್ಟು ಮರ್ಯಾದೆ ಬೇರೆ ಯಾವ ಮನೆಯಲ್ಲೂ ಸಿಕ್ಕಿರಲಾರದು.

ಕಳೆಯ ಸುದ್ದಿ ಹುಳಿಯಾರಿನವರೆಗೂ ಹೋಯಿತು. ಅದನ್ನು ಹೊತ್ತವನು ಗಂಗಲಕ್ಷ್ಮಿಯ ಅಣ್ಣ ಚಿಕ್ಕಹನುಮಯ್ಯ. ಅವನು ಪಂಚಾಯ್ತಿಯಲ್ಲಿ ನೀರು ಬಿಡುವ ಕೆಲಸ ಮಾಡಿ ನಿವೃತ್ತನಾದವನು. ಮೂವತ್ತು ವರ್ಷ ಸಾಹೇಬರುಗಳ ಮುಂದೆ ನಿಂತು ಅಭ್ಯಾಸವಾದ್ದರಿಂದ ಆಫೀಸು, ಆಸ್ಪತ್ರೆ, ಪೊಲೀಸ್ ಠಾಣೆ ಎಲ್ಲೇ ಆದರೂ ತನ್ನ ಮನೆ, ತಂಗಿಯ ಮನೆ ಎರಡರ ಪರವಾಗಿಯೂ ಮಾತನಾಡುವುದು ಅವನೇ. ಅಲ್ಲಿಂದ ಒಂದು ಸಂಬಂಧ ತಂದ. ಹುಡುಗ ಕರೆಂಟಿನ ಇಲಾಖೆಯಲ್ಲಿ ಲೈನ್‌ಮ್ಯಾನ್, ಕಾಯಂ ನೌಕರಿ. ಒಂದು ಭಾನುವಾರ ಬಂದರು, ಉಪ್ಪಿಟ್ಟು ತಿಂದರು. ಹುಡುಗನ ತಾಯಿ ಜೀವಿತಾಳ ಕೆನ್ನೆ ಹಿಡಿದು, “ಫೋಟೋಕಿಂತ ಚೆನ್ನಾಗವ್ಳೆ ಕಣ್ರೀ, ದುಂಡ್ ದುಂಡಗೆ,” ಎಂದಳು. ಏಳು ವಾರಕ್ಕೆ ಮದುವೆ ಎಂದಾಯಿತು. ಕಾಲೇಜು ನಿಂತಿತು. ಬಸ್ಸಿನಲ್ಲಿ ಟಿಕೆಟ್ಟಿಲ್ಲದೆ ಓಡಾಡಲು ಇಟ್ಟುಕೊಳ್ಳುತ್ತಿದ್ದ ಆಧಾರ್ ಕಾರ್ಡು, “ಎಲ್ಲಾರ ಬೀಳ್ಸೀಯ, ರಿಜಿಸ್ಟ್ರಿಗೆ ಬೇಕು,” ಎಂದು ಅಮ್ಮನ ಟ್ರಂಕು ಸೇರಿತು.

ಸತ್ಯವನ್ನು ಮೊದಲು ಹೇಳಿದವನು ತಿಪಟೂರಿನ ಬಳೆ ಅಂಗಡಿಯ ಮುದುಕ ದುರ್ಗಯ್ಯ. ಹಸಿರು ಬಳೆಗೆಂದು ಅತ್ತಿಗೆ ನಾದಿನಿ ಹೋಗಿದ್ದರು. ಐವತ್ತು ವರ್ಷ ಹೆಂಗಸರ ಕೈ ಮುದುರಿ ಬಳೆ ಏರಿಸಿದವನು ಅವನು. ಜೀವಿತಾಳ ಅಂಗೈಯನ್ನು ಒಮ್ಮೆ ಮಡಚಿ ನೋಡಿದವನೇ ಬಳೆ ಕೆಳಗಿಟ್ಟ.

“ಇನ್ನೂ ದೊಡ್ಡ ಅಳತೆ ಕೊಡಿ ಅಂಕಲ್, ಮೈ ಬಂದೈತೆ,” ಎಂದಳು ಲಿಖಿತಾ.

“ಮೈ ಅಲ್ಲ ಕಣವ್ವ ಇದು, ನೀರು. ಮಾಂಸ ಆದ್ರೆ ಕೈಗೆ ಬೇರೆ ಥರ ಸಿಗ್ತೈತೆ. ಬಳೆ ಆಮೇಲ್ ಹಾಕ್ಕೊಳಿ, ಮೊದ್ಲು ಡಾಕ್ಟ್ರಿಗೆ ತೋರ್ಸಿ.”

ವ್ಯಾಪಾರ ಕಳೆದುಕೊಂಡು ಹೇಳಿದ ಮಾತಾದ್ದರಿಂದ ಮನೆಯವರಿಗೂ ಭಯ ಹತ್ತಿತು. ತಿಪಟೂರಿನ ಡಾಕ್ಟರು ಮೂತ್ರ ಪರೀಕ್ಷೆ ಮಾಡಿಸಿ ತುಮಕೂರಿನ ಕಿಡ್ನಿ ಡಾಕ್ಟರಿಗೆ ಚೀಟಿ ಬರೆದುಕೊಟ್ಟರು. ಅಲ್ಲಿಗೆ ಐದು ಜನ ಹೋದರು. ರೋಗಿಗೆ ಒಂದು ಸ್ಟೂಲು ಸಿಕ್ಕಿತು. ಡಾಕ್ಟರ ಎದುರಿನ ಕುರ್ಚಿ ಚಿಕ್ಕಹನುಮಯ್ಯನಿಗೆ.

“ವಯಸ್ಸು?”

“ಹದ್ನೆಂಟಾತು ಸಾರ್, ಆಷಾಢಕ್ಕೆ,” ಎಂದ ಚಿಕ್ಕಹನುಮಯ್ಯ.

“ಊತ ಯಾವಾಗಿಂದ?”

“ಒಂದ್ ತಿಂಗ್ಳಿಂದ ಸಾರ್,” ಎಂದ ಭೀಮರಾಜು. ಮೂರೂವರೆ ತಿಂಗಳು ಎಂದು ಜೀವಿತಾ ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಪ್ರಶ್ನೆ ಬಂದಿತ್ತು.

“ನಾಟಿ ಔಷಧಿ, ಭಸ್ಮ, ನೋವಿನ ಮಾತ್ರೆ?”

“ಯಾವ್ದೂ ಇಲ್ಲ ಸಾರ್. ಎಳ್ನೀರು ಕೊಡ್ತಿದ್ದೀವಿ.”

“ಎಳನೀರು ಸದ್ಯಕ್ಕೆ ನಿಲ್ಲಿಸಿ. ನೀರು ಅಳತೆ, ಉಪ್ಪು ಕಡಿಮೆ. ಮುಖಕ್ಕೆ ಏನಾದ್ರೂ ಕ್ರೀಮು ಹಚ್ತಾಳಾ?”

“ಅಯ್ಯೋ ಇಲ್ಲ ಸಾರ್,” ಎಂದಳು ಗಂಗಲಕ್ಷ್ಮಿ, ಎದೆ ತಟ್ಟಿಕೊಳ್ಳುವಷ್ಟು ಪ್ರಾಮಾಣಿಕವಾಗಿ. “ನಮ್ಮನೇಲಿ ಅದೆಲ್ಲ ಬಿಡಲ್ಲ. ಬರೀ ಅರಿಶಿಣ.”

“ಒಳ್ಳೇದು,” ಎಂದು ಡಾಕ್ಟರು ಬರೆದುಕೊಂಡರು.

ಜೀವಿತಾ ಬಾಗಿಲ ಬಳಿ ನಿಂತಿದ್ದ ಅತ್ತಿಗೆಯ ಕಡೆ ನೋಡಿದಳು. ಲಿಖಿತಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನೆಲ ನೋಡುತ್ತಿದ್ದಳು. “ಸಾರ್, ಅದು…” ಎಂದಳು ಜೀವಿತಾ.

“ನೀನ್ ಸುಮ್ಕಿರವ್ವ, ದೊಡ್ಡೋರು ಮಾತಾಡ್ತಿಲ್ವಾ,” ಎಂದ ಸೋದರಮಾವ, ಅವಳ ಬೆನ್ನು ಸವರಿ. ಪ್ರೀತಿಯಿಂದಲೇ ಸವರಿದ್ದ. ಅದೇ ಕಷ್ಟ, ಆ ಮನೆಯಲ್ಲಿ ಯಾರೂ ಕೆಟ್ಟವರಲ್ಲ.

ಮೂತ್ರದಲ್ಲಿ ಪ್ರೋಟೀನು ಸೋರಿಹೋಗುತ್ತಿದೆ, ಕಾರಣ ತಿಳಿಯಬೇಕಾದರೆ ಕಿಡ್ನಿಯಿಂದ ಸೂಜಿಯಲ್ಲಿ ಎಳೆಯಷ್ಟು ತೆಗೆದು ಪರೀಕ್ಷೆ ಮಾಡಬೇಕು, ಹುಡುಗಿಗೆ ಹದಿನೆಂಟು ತುಂಬಿರುವುದರಿಂದ ಸಹಿ ಅವಳದೇ ಆಗಬೇಕು ಎಂದರು ಡಾಕ್ಟರು. ನರ್ಸು ಕಾಗದ ತಂದು ಪೆನ್ನನ್ನು ಜೀವಿತಾಳ ಕಡೆ ಚಾಚಿದಳು. ಆ ಪೆನ್ನು ಅರ್ಧ ದಾರಿಯಲ್ಲೇ ಚಿಕ್ಕಹನುಮಯ್ಯನ ಕೈ ಸೇರಿತು. “ಮನೇಲಿ ಯೋಚ್ನೆ ಮಾಡಿ ಬತ್ತೀವಿ ಸಾರ್,” ಎಂದು ಅದನ್ನು ಮೇಜಿನ ಮೇಲಿಟ್ಟು ಎದ್ದ. ಕಾಗದ ಹಾಗೇ ಉಳಿಯಿತು.

ಮನೆಯ ಯೋಚನೆ ಮುದ್ದೆಯ ಮುಂದೆ ನಡೆಯಿತು.

“ಕಿಡ್ನಿ ತುಂಡು ತೆಗೀತಾರಂತೆ,” ಎಂದಳು ಗಂಗಲಕ್ಷ್ಮಿ, ಹುರುಳಿ ಸಾರು ಬಡಿಸುತ್ತ.

“ತುಂಡಲ್ಲ ಅಮ್ಮ, ದಾರದಷ್ಟು.”

“ದಾರವೋ ಹಗ್ಗವೋ, ಕಿಡ್ನಿ ಅನ್ನೋ ಮಾತು ಹುಳಿಯಾರಿಗೆ ಹೋದ್ರೆ ಮದ್ವೆ ಗೋವಿಂದ,” ಎಂದ ಚಿಕ್ಕಹನುಮಯ್ಯ. “ಭಾವ, ನೀನ್ ಏನಂತೀಯಾ?”

ಭೀಮರಾಜು ಮುದ್ದೆ ಮುರಿಯುತ್ತ ಕೂತಿದ್ದ. “ಮದ್ವೆ ಆಗ್ಬುಡ್ಲಿ. ಆಮೇಲೆ ತೋರ್ಸಿದ್ರಾಯ್ತು. ಅಲ್ಲೀಗಂಟ ಮಾತ್ರೆ ತಗೊಳ್ಳಿ.”

“ನನ್ನ ಒಂದ್ ಮಾತು ಕೇಳ್ರಪ್ಪ,” ಎಂದಳು ಜೀವಿತಾ.

“ನಿಂದೇ ಮಾತಲ್ವೇನೇ ಇಷ್ಟೊತ್ತಿಂದ ಆಡ್ತಿರೋದು,” ಎಂದಳು ರಾಮಕ್ಕ. ಎಲ್ಲರೂ ನಕ್ಕರು. ಜೀವಿತಾಳಿಗೆ ಅಳು ಬಂತು, ಉಪ್ಪಿಲ್ಲದ ಸಾರಿನ ತಟ್ಟೆ ಎತ್ತಿಕೊಂಡು ಹಿತ್ತಿಲಿಗೆ ಹೋದಳು.

ಪಾತ್ರೆ ತೊಳೆಯುವ ಕಲ್ಲಿನ ಹತ್ತಿರ ಲಿಖಿತಾ ಬಂದು ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತಳು.

“ಅತ್ತಿಗೆ, ಅದ್ರಿಂದಾನೇ ಇರ್ಬೇಕು. ನಾನು ಫೋನಲ್ಲಿ ನೋಡ್ದೆ. ಅಂಥ ಕ್ರೀಮಲ್ಲಿ ಪಾದರಸ ಇರುತ್ತಂತೆ, ಕಿಡ್ನಿಗೆ ಬಡಿಯುತ್ತಂತೆ.”

“ಫೋನಲ್ಲಿ ಏನೇನೋ ಬರೀತಾರೆ. ನಾನೂ ಎರಡ್ ತಿಂಗ್ಳು ಹಚ್ಕೊಂಡಿದ್ದೆ, ನಂಗೇನಾಗೈತೆ?” ಬೂದಿಯಲ್ಲಿ ತಟ್ಟೆ ಉಜ್ಜುತ್ತಿದ್ದ ಲಿಖಿತಾಳ ಕೈ ನಿಂತಿತು. “ಅರಿಶಿಣ ಅಂತ ಸುಳ್ಳು ಹೇಳ್ದೋಳು ನಾನು. ಗೊತ್ತಾದ್ರೆ ಅಂಗ್ಡಿ ಬಾಗ್ಲು ಹಾಕಿಸ್ತಾರೆ ಜೀವಿ. ಆಮೇಲೆ ನಾನು ದಿನಬೆಳಗಾದ್ರೆ ಕಾಯಿ ಸುಲಿಯೋ ಜಾಗಕ್ಕೇ ಹೋಗ್ಬೇಕು. ಆ ಕೋಣೆ ಒಂದೇ ಕಣೇ ನಂದು ಅಂತ ಇರೋದು. ಹಚ್ಕೊಳೋದು ನಿಲ್ಸು, ಸರೀನಾ? ಯಾರಿಗೂ ಹೇಳ್ಬೇಡ.”

ನಿಲ್ಲಿಸುವುದು ಅಷ್ಟು ಸುಲಭವೇ? ದೀಪ ಹಚ್ಚುವ ಹೊತ್ತಿಗೆ ಗಂಗಲಕ್ಷ್ಮಿ ಡಬ್ಬಿ ಹಿಡಿದು ಬರುತ್ತಿದ್ದಳು. ಬೇಡವೆಂದರೆ ಯಾಕೆ ಎನ್ನುತ್ತಿದ್ದಳು. ಯಾಕೆಂದು ಹೇಳಿದರೆ ಅತ್ತಿಗೆ ಹೋದಳು. ಹೇಳದಿದ್ದರೆ ತಾನು ಹೋದಳು. ಹತ್ತು ದಿನ ಜೀವಿತಾ ಮುಖ ಒಡ್ಡಿದಳು, ಅಮ್ಮ ಒಳಗೆ ಹೋದ ಮೇಲೆ ಬಚ್ಚಲಿಗೆ ಓಡಿ ತೊಳೆದಳು. ತೊಳೆದರೂ ಹನ್ನೊಂದನೆಯ ಬೆಳಿಗ್ಗೆ ಒಂದು ಕಣ್ಣು ತೆರೆಯಲೇ ಇಲ್ಲ. ಮನೆಯವರು ಗಾಬರಿಯಾಗಿ ಮತ್ತೆ ತುಮಕೂರಿನ ಬಸ್ಸು ಹತ್ತಿದರು. ಹೊರಡುವ ಮುಂಚೆ ಅವಳು ಡಬ್ಬಿಯನ್ನು ದುಪಟ್ಟಾದ ಗಂಟಿನೊಳಗೆ ಕಟ್ಟಿಕೊಂಡಳು. ಅತ್ತಿಗೆಯ ಕೋಣೆ ಕಣ್ಣ ಮುಂದೆ ಬಂತು, ಅದರ ಗುಲಾಬಿ ಪರದೆ ಬಂತು. ಆದರೂ ಅವಳಿಗೆ ಸಾಯುವ ಭಯವಾಗಿತ್ತು.

ಈ ಸಲವೂ ಕುರ್ಚಿ ಮಾವನದೇ. ಡಾಕ್ಟರು “ಏನ್ ನಿರ್ಧಾರ ಮಾಡಿದ್ರಿ?” ಎಂದರು, ಮಾವ “ಅದೇ ಸಾರ್…” ಎಂದು ಶುರುಮಾಡಿದ. ಜೀವಿತಾ ಎದ್ದು ನಿಂತು ಡಬ್ಬಿಯನ್ನು ಮೇಜಿನ ಮೇಲಿಟ್ಟಳು.

“ಇದೇ ಸಾರ್, ನಮ್ಮನೆ ಅರಿಶಿಣ.”

ಡಾಕ್ಟರು ಮುಚ್ಚಳ ತಿರುಗಿಸಿ ನೋಡಿದರು. ಮಾವನ ಭುಜದ ಮೇಲಿಂದ ನೋಡಿ ಅವಳನ್ನೇ ಕೇಳಿದರು. “ಎಷ್ಟು ತಿಂಗಳಿಂದ ಹಚ್ತಿದ್ದೀಯಮ್ಮ?”

“ಆರೂವರೆ ತಿಂಗ್ಳು ಸಾರ್. ಊತ ಒಂದ್ ತಿಂಗ್ಳಿಂದ ಅಲ್ಲ, ನಾಕ್ ತಿಂಗ್ಳಾತು. ನೊರೆನೂ ಆವಾಗಿಂದ.”

ಒಂದೇ ಉಸಿರಿಗೆ ಹೇಳಿದಳು. ಹೇಳಿದ ಮೇಲೆ ಮೈ ಹಗುರಾಯಿತು. ಡಾಕ್ಟರು ರಕ್ತ ತೆಗೆಸಿದರು, ನೀರಿಳಿಸುವ ಮಾತ್ರೆ ಬರೆದರು. ಈ ವರ್ಷ ಇಂಥದ್ದು ಇದು ಮೂರನೆಯದು ಎಂದರು. “ಇವತ್ತಿಂದ್ಲೇ ನಿಲ್ಲಿಸ್ಬೇಕು. ಪಾದರಸ ಅಂತ ರಿಪೋರ್ಟಲ್ಲಿ ಬಂದ್ರೆ ಸೂಜಿ ಪರೀಕ್ಷೆ ಸದ್ಯಕ್ಕೆ ಬೇಡ, ಕಾದು ನೋಡೋಣ. ನಿಲ್ಲಿಸಿದ್ರೆ ಬಹಳ ಜನಕ್ಕೆ ತಾನಾಗೇ ವಾಸಿ ಆಗುತ್ತೆ, ಕೆಲವು ತಿಂಗಳು ಬೇಕು. ಮುಂದುವರಿಸಿದ್ರೆ ಕಿಡ್ನಿ ಉಳಿಯಲ್ಲ. ಊತ ಇಳಿಯುತ್ತೆ, ಬಣ್ಣ ಮೊದಲಿನ ಹಾಗೇ ಆಗುತ್ತೆ. ಗಾಬರಿ ಆಗ್ಬೇಡ. ರಿಪೋರ್ಟು ಯಾರ ನಂಬರಿಗೆ ಕಳಿಸ್ಲಿ?”

“ನನ್ ನಂಬರಿಗೆ,” ಎಂದಳು ಜೀವಿತಾ.

ಬಣ್ಣ ಮೊದಲಿನ ಹಾಗೇ ಆಗುತ್ತದೆ ಎಂಬ ಮಾತಿಗೆ ಗಂಗಲಕ್ಷ್ಮಿಯ ಮುಖ ಕಂದಿದ್ದನ್ನು ಅವಳು ಗಮನಿಸಲಿಲ್ಲ. ಗಮನಿಸಬೇಕಿತ್ತು.

ಮನೆಯಲ್ಲಿ ಮೂರು ದಿನ ಬೆಂಕಿ. ಲಾರಿ ಬಿಟ್ಟು ಓಡಿಬಂದ ಜ್ಞಾನೇಶ್ ಹೆಂಡತಿಯ ಮೇಲೆ ಕೈ ಎತ್ತಿದ, ಜೀವಿತಾ ನಡುವೆ ನುಗ್ಗಿದ್ದಕ್ಕೆ ಏಟು ಗಾಳಿಗೆ ಹೋಯಿತು. ರಾಮಕ್ಕ ಗೋಡೆಗೆ ತಲೆ ಬಡಿದುಕೊಂಡಳು. “ನನ್ ಮೂಗ್ ಕೆಳ್ಗೇ ಹಿಡ್ದು ಅರಿಶಿಣ ಅಂದ್ಳಲ್ಲೋ! ವಾಸ್ನೆನಾದ್ರೂ ಬರ್ಲಿಲ್ವಲ್ಲೋ ನನ್ ಹಾಳ್ ಮೂಗಿಗೆ!” ಲಿಖಿತಾ ಎದ್ದು ಕ್ರಾಸಿಗೆ ಹೋದಳು. ಪಾರ್ಲರಿನಲ್ಲಿದ್ದ ಅಷ್ಟೂ ಡಬ್ಬಿಗಳನ್ನು ಚೀಲಕ್ಕೆ ತುಂಬಿ ತಂದು, ಎಲ್ಲರ ಕಣ್ಣೆದುರಿಗೇ ತಿಪ್ಪೆಯ ಪಕ್ಕ ಗುಂಡಿ ತೋಡಿ ಹೂತಳು. ಪಾರ್ಲರಿಗೆ ಬೀಗ ಬಿತ್ತು. ರಾತ್ರಿಯ ಊಟಕ್ಕೆ ಅವಳನ್ನು ಯಾರೂ ಕರೆಯಲಿಲ್ಲ, ಜೀವಿತಾ ತಟ್ಟೆ ಒಯ್ದುಕೊಟ್ಟರೆ ಅದನ್ನೂ ಮುಟ್ಟಲಿಲ್ಲ. ನಾಲ್ಕನೆಯ ದಿನ ಜೀವಿತಾಳ ಫೋನಿಗೆ ರಿಪೋರ್ಟು ಬಂತು. ಪಾದರಸವೇ.

ಮಾತ್ರೆ ಕೆಲಸ ಮಾಡಿತು. ವಾರದೊಳಗೆ ಕಣ್ಣು ಪೂರ್ತಿ ತೆರೆದವು. ಕಾಲು ಕಾಲಿನ ಹಾಗೆ ಕಾಣಿಸಿತು. ಹಳೆಯ ಚಪ್ಪಲಿ ಹಾಕಿಕೊಂಡು ಜೀವಿತಾ ಹಿತ್ತಿಲೆಲ್ಲ ಓಡಾಡಿದಳು. ಕೆನ್ನೆ ಇಳಿಯಿತು, ಕತ್ತಿನ ಕಡೆಯಿಂದ ಹಳೆಯ ಬಣ್ಣ ಮೆಲ್ಲಗೆ ಮೇಲೇರಿತು. ಕನ್ನಡಿ ನೋಡಿದಾಗ ಸ್ವಲ್ಪ ಬೇಸರವಾಯಿತು, ಇಲ್ಲವೆನ್ನಲಾಗದು. ಆದರೆ ಹಸಿವು ಬಂದಿತ್ತು, ನಿದ್ದೆ ಬಂದಿತ್ತು.

ಆಗ ಹುಳಿಯಾರಿನಿಂದ ಹುಡುಗನ ತಾಯಿ ರವಿಕೆ ಅಳತೆಗೆಂದು ದಿಢೀರನೆ ಬಂದಳು. ಜೀವಿತಾ ನೀರಿನ ಚೊಂಬು ತಂದಿಟ್ಟರೆ, ಆಕೆ ಚೊಂಬು ಮುಟ್ಟದೆ ಮುಖ ನೋಡಿದಳು.

“ಯಾಕ್ ಮಗ ಹಿಂಗೆ ಬಡವಾಗವ್ಳೆ? ಕಪ್ಪಿಟ್ಟೈತಲ್ಲ ಮುಖ. ಉಸಾರಿಲ್ವಾ?”

“ಬಿಸ್ಲು ಕಣ್ರೀ,” ಎಂದಳು ಗಂಗಲಕ್ಷ್ಮಿ. “ಲಗ್ನಪತ್ರಿಕೆ ಹಂಚಾಕೆ ಅಂತ ಓಡಾಡಿ ಓಡಾಡಿ…”

“ಚೆನ್ನಾಗಿ ನೋಡ್ಕೊಳ್ರಮ್ಮ. ನಮ್ ಕಡೆಯೋರೆಲ್ಲ ಹುಡ್ಗಿ ನೋಡಾಕೆ ಕಾಯ್ತಾವ್ರೆ. ನಾನು ಬೇರೆ ಹೊಗಳ್ಕೊಂಡ್ ಬಂದ್ಬುಟ್ಟಿವ್ನಿ.” ಆಕೆ ಹೇಳಿದ್ದು ಇಷ್ಟೇ. ಅಳತೆ ತೆಗೆದುಕೊಂಡು ಮುಂದಿನ ಬಸ್ಸಿಗೆ ಹೊರಟಳು. ಹಳೆಯ ಅಳತೆಗಿಂತ ಎರಡು ಇಂಚು ಕಡಿಮೆ ಬಂದದ್ದನ್ನು ಎರಡು ಸಲ ಟೇಪು ಹಿಡಿದು ನೋಡಿದ್ದಳು.

ಮದುವೆಗೆ ಹನ್ನೆರಡು ದಿನ ಉಳಿದಿತ್ತು.

ಮಧ್ಯಾಹ್ನವೇ ಚಿಕ್ಕಹನುಮಯ್ಯನಿಗೆ ಫೋನು ಹೋಯಿತು. ಅವನು ಬಂದು ಜಗಲಿಯಲ್ಲಿ ಕೂತು, ಎಲೆಯಡಿಕೆ ಹಾಕಿಕೊಂಡು, ಲೆಕ್ಕಾಚಾರದ ದನಿಯಲ್ಲಿ ಶುರುಮಾಡಿದ. “ಆರ್ ತಿಂಗ್ಳು ಹಚ್ಚಿದ್ದಾಗೈತೆ. ಹನ್ನೆರಡು ದಿನ ಅನ್ನೋದು ಒಂದ್ ಲೆಕ್ಕವಾ? ಮಾತ್ರೆನೂ ಅಷ್ಟ್ ದಿನ ಬುಡ್ಲಿ. ತಾಳಿ ಬಿದ್ ಮಾರನೇ ದಿನ ಎಲ್ಲಾನೂ ನಿಲ್ಸನ. ನಾನೇ ಕರ್ಕೊಂಡೋಗಿ ಡಾಕ್ಟ್ರಿಗೆ ತೋರಿಸ್ತೀನಿ.”

“ಮಾವ, ಅದು ವಿಷ ಅಂತ ರಿಪೋರ್ಟ್ ಬಂದೈತೆ. ನೀವೇ ಓದಿದ್ರಿ.”

“ಓದ್ದೆ ಕಣವ್ವ. ಅದ್ಕೇ ಹನ್ನೆರಡೇ ದಿನ ಅಂದಿದ್ದು.”

ಒಳಗಿನಿಂದ ಲಿಖಿತಾ ಬಾಗಿಲಿಗೆ ಬಂದು ನಿಂತಳು. ಆ ಮೂರು ವಾರದಲ್ಲಿ ಅವಳು ಬಾಯಿ ಬಿಟ್ಟದ್ದು ಅದೇ ಮೊದಲು. “ಬೇಡಿ ಅತ್ತೆ. ನಿಮ್ ಕಾಲಿಗ್ ಬೀಳ್ತೀನಿ. ನಾನ್ ಮಾಡಿದ್ ತಪ್ಪು ನೀವ್ ಮಾಡ್ಬೇಡಿ.”

“ನೀನ್ ಬುದ್ಧಿ ಹೇಳಾಕ್ ಬತ್ತೀಯಾ?” ಎಂದಳು ಗಂಗಲಕ್ಷ್ಮಿ. “ನಡೀ ಒಳಕ್ಕೆ!”

“ಅಜ್ಜಿ, ನೀನಾದ್ರೂ ಹೇಳು,” ಎಂದಳು ಜೀವಿತಾ.

ರಾಮಕ್ಕ ಮಂಜುಗಣ್ಣನ್ನು ಸೆರಗಿನಿಂದ ಒರೆಸಿಕೊಂಡಳು. “ನಂಗೂ ನಿನ್ ಥರದ್ದೇ ಬಣ್ಣ ಕಣೆ. ಮೂರ್ ಸಲ ನೋಡಾಕ್ ಬಂದು ಹೋದ್ರು. ನಾಕ್ನೇದು ನಿಮ್ಮಜ್ಜ, ಎರಡ್ನೇ ಸಂಬಂಧ. ಇಂಥ ನೌಕ್ರಿ ಹುಡ್ಗ ಇನ್ನೊಂದ್ ಸಲ ಬರಲ್ಲ.”

“ನಾನು ಹಚ್ಕೊಳಲ್ಲ. ನನ್ ಮೈ ಇದು. ಡಾಕ್ಟ್ರು ಸಹಿ ನನ್ನತ್ರಾನೇ ಕೇಳಿದ್ದು.”

ಯಾರೂ ಬೈಯಲಿಲ್ಲ. ಬೈದಿದ್ದರೆ ಅವಳು ಪಟ್ಟು ಹಿಡಿದು ನಿಲ್ಲುತ್ತಿದ್ದಳೇನೋ. ಭೀಮರಾಜು ಕಂಬದ ಹತ್ತಿರದಿಂದ ಎದ್ದುಬಂದ. ಹುಟ್ಟಿದಾಗಿನಿಂದ ಮಗಳ ಮೇಲೆ ದನಿ ಏರಿಸದ ಮನುಷ್ಯ. ಅವಳ ಮುಂದೆ ನಿಂತು ಎರಡೂ ಕೈ ಜೋಡಿಸಿದ. ಕೊಬ್ಬರಿ ಎಣ್ಣೆ ಕುಡಿದು ಕಪ್ಪಾದ ಬೆರಳುಗಳು ಅವಳ ಮುಖದ ಮಟ್ಟಕ್ಕೆ ಬಂದಿದ್ದವು.

“ಪತ್ರಿಕೆ ಹಂಚಿವ್ನಿ ಕಣವ್ವ. ಮಂಡೀಲಿ ಎಲ್ರಿಗೂ ಹೇಳಿವ್ನಿ. ಈಗ ಮುರುದ್ರೆ ನಾನು ತಲೆ ಎತ್ಕೊಂಡು ಓಡಾಡಾಂಗಿಲ್ಲ. ಹನ್ನೆರಡೇ ದಿನ.”

“ಅಪ್ಪ, ಕೈ ಇಳ್ಸಪ್ಪ.”

“ಹೂಂ ಅನ್ನು, ಇಳಿಸ್ತೀನಿ.”

ರಸ್ತೆಯಲ್ಲಿ ಹೋಗುತ್ತಿದ್ದವರು ನೋಡುತ್ತಿದ್ದರು. ಜೀವಿತಾ ಹೂಂ ಅನ್ನಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ, ಅಪ್ಪನ ಕೈಗಳನ್ನು ಹಿಡಿದು ಬಿಡಿಸಿದಳು. ಮನೆಯವರಿಗೆ ಅಷ್ಟು ಸಾಕಾಯಿತು. ಚಿಕ್ಕಹನುಮಯ್ಯ ಬಾಯಿ ತೊಳೆದು ಕಾಫಿ ಕೇಳಿದ.

ದೀಪ ಹಚ್ಚುವ ಹೊತ್ತಿಗೆ ಗಂಗಲಕ್ಷ್ಮಿ ನಡುಮನೆಗೆ ಬಂದಳು. ಗುಂಡಿಗೆ ಬೀಳದೆ ಉಳಿದ ಒಂದು ಡಬ್ಬಿ ಅವಳ ಟ್ರಂಕಿನಲ್ಲಿತ್ತು, ಆಧಾರ್ ಕಾರ್ಡಿನ ಪಕ್ಕದಲ್ಲೇ. ಬಾಗಿಲು ಸ್ವಲ್ಪ ಮುಂದೆ ಮಾಡಿ ಮಗಳ ಎದುರಿಗೆ ಕೂತಳು. ಹೊರಗೆ ಜಗಲಿಯಲ್ಲಿ ಭೀಮರಾಜು ಕೆಮ್ಮಿದ.

“ಮುಖ ಎತ್ತು.”

ಜೀವಿತಾಳಿಗೆ ಜಗಳವಾಡಿ ಆಡಿ ಸಾಕಾಗಿತ್ತು. ಬಾಗಿಲಾಚೆ ಅಪ್ಪ, ಹಿತ್ತಿಲ ಕಡೆ ಅಜ್ಜಿ, ಕ್ರಾಸಿಗೆ ಹೋಗುವ ಕೊನೆಯ ಬಸ್ಸು ಹೊರಟಾಗಿತ್ತು. ಹೋದರೂ ಯಾರ ಮನೆಗೆ? ಅವಳು ಕಣ್ಣು ಮುಚ್ಚಿ ಮುಖ ಎತ್ತಿದಳು. ಅಮ್ಮನ ಬೆರಳುಗಳು ಹಣೆಯಿಂದ ಕೆನ್ನೆಗೆ, ಕೆನ್ನೆಯಿಂದ ಕತ್ತಿಗೆ ಇಳಿದವು. ಚಿಕ್ಕವಳಿದ್ದಾಗ ಎಣ್ಣೆ ನೀರು ಹಾಕುತ್ತಿದ್ದಷ್ಟೇ ಮೃದುವಾಗಿ. ಗಂಗಲಕ್ಷ್ಮಿ ಅಳುತ್ತಿದ್ದಳು, ಅಳುತ್ತಲೇ ಹಚ್ಚುತ್ತಿದ್ದಳು.

“ಆಯ್ತು ಕಣವ್ವ, ಆಯ್ತು.”

ಜೀವಿತಾ ಕಣ್ಣು ತೆರೆದಳು. ಗಂಗಲಕ್ಷ್ಮಿ ಬೆರಳಿಗೆ ಮೆತ್ತಿಕೊಂಡಿದ್ದ ಮಿಕ್ಕ ಮುಲಾಮನ್ನು ತನ್ನ ಎರಡೂ ಕೆನ್ನೆಗೆ ಒರೆಸಿಕೊಳ್ಳುತ್ತಿದ್ದಳು. ಆಮೇಲೆ ಕತ್ತಿಗೆ, ಆಮೇಲೆ ಮುಂಗೈಗೆ. ಮುದ್ದೆ ಕಟ್ಟಿದ ಕೈಯನ್ನು ನೀರಿಗದ್ದುವಷ್ಟು ಅಭ್ಯಾಸದ ಕೆಲಸ ಅದು, ತಾನೇನು ಮಾಡುತ್ತಿದ್ದೇನೆಂದು ಅವಳಿಗೇ ಗೊತ್ತಿರಲಿಲ್ಲ.

ಜೀವಿತಾ ಅವಳ ಮಣಿಕಟ್ಟು ಹಿಡಿದಳು. “ಅಮ್ಮ! ಏನ್ ಮಾಡ್ತಿದ್ದೀಯಾ?”

“ಏನ್ ಮಾಡ್ದೆ?”

“ದಿನಾ ಹಿಂಗೇ ಒರೆಸ್ಕೊಂತಿದ್ಯಾ?”

“ಮಿಕ್ಕಿದ್ ಏನ್ ಮಾಡನ ಮತ್ತೆ, ಗೋಡೆಗ್ ಬಳೀಲಾ?”

“ಯಾವಾಗಿಂದ?”

“ನಿಂಗೆ ಹಚ್ದಾಗಿಂದ ಕಣೆ. ಬುಡು ಕೈಯ.”

“ಕಾಲು ತೋರ್ಸು.”

ಗಂಗಲಕ್ಷ್ಮಿ ಪಾದಗಳನ್ನು ಸೀರೆಯೊಳಕ್ಕೆ ಎಳೆದುಕೊಂಡಳು. ಹೊರಗೆ ಜಗಲಿಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. “ಇನ್ನೂರ್ ಮಕ್ಳಿಗೆ ಒಲೆ ಮುಂದೆ ನಿಂತ್ಕೊಂಡು ಬೇಯ್ಸೋಳು, ಕಾಲು ಊದ್ದೆ ಇನ್ನೇನಾದಾತು? ಎರಡ್ ತಿಂಗ್ಳಿಂದ ಐತೆ. ನೊರೆ ಗಿರೆ ಅಂತ ನೀನು ಅವ್ರ್ ಮುಂದೆ ಎತ್ಬೇಡ. ಮೊದ್ಲು ನಿನ್ ಮದ್ವೆ ಆಗ್ಲಿ.”

ಜೀವಿತಾ ದುಪಟ್ಟಾದ ಚುಂಗನ್ನು ಚೊಂಬಿನ ನೀರಿಗೆ ಅದ್ದಿದಳು. ಅಮ್ಮನ ಗಲ್ಲ ಒಂದು ಕೈಯಲ್ಲಿ ಬಿಗಿಯಾಗಿ ಹಿಡಿದು ಕೆನ್ನೆ ಒರೆಸಿದಳು, ಕತ್ತು ಒರೆಸಿದಳು, ಮುಂಗೈ ತಿಕ್ಕಿದಳು. ಗಂಗಲಕ್ಷ್ಮಿ ತಲೆ ಕೊಸರಿದಳು, ಆಮೇಲೆ ಸುಮ್ಮನಾದಳು.

“ಆಯ್ತಾ?” ಎಂದು ಹೊರಗಿನಿಂದ ಭೀಮರಾಜು ಕೇಳಿದ.

“ಹೂಂ, ಆಯ್ತು,” ಎಂದಳು ಗಂಗಲಕ್ಷ್ಮಿ. ಜೀವಿತಾ ಮತ್ತೆ ಬಟ್ಟೆ ಅದ್ದಿ ಅಮ್ಮನ ಬೆರಳುಗಳನ್ನು ಒಂದೊಂದಾಗಿ ಒರೆಸತೊಡಗಿದಳು. ಅವಳದೇ ಮುಖದ ಮೇಲಿನದು ಹಾಗೇ ಒಣಗುತ್ತಿತ್ತು.